ಮೊದಲು ಪಟಾಕಿ ವಾಪಸ್ ಕೊಟ್ಟು ಬನ್ನಿ

ಹತ್ತು ವರ್ಷ ಓಡಾಡಿ ಊರ ಪಕ್ಕದ ಹುಲ್ಲುಗಾವಲು ಉಳಿಸಿಕೊಂಡಿದ್ದೀರಿ, ಅಭಯಾರಣ್ಯ ಮಾಡುವುದಾಗಿ ಸರ್ಕಾರದ ಮೊದಲ ಅಧಿಸೂಚನೆಯೂ ಬಂದಿದೆ, ಹೇಗೆ ಸಂಭ್ರಮಿಸಬೇಕು ಅಂತ ಕೇಳಿದ್ದೀರಿ. ಮೊದಲು ಅಭಿನಂದನೆ. ಆಮೇಲೆ ನಾವು ಮಾಡಿದ ತಪ್ಪು ಹೇಳುತ್ತೇನೆ.

ನಾನು ಕಲಬುರಗಿ ಜಿಲ್ಲೆಯ ಚಿಂಚೋಳಿ ಕಡೆಯವನು. 2011ರಲ್ಲಿ ನಮ್ಮ ಕಾಡು ವನ್ಯಜೀವಿಧಾಮ, ಅಂದರೆ ಅಭಯಾರಣ್ಯವಾಯಿತು. 134.88 ಚದರ ಕಿಲೋಮೀಟರ್. ದಕ್ಷಿಣ ಭಾರತದ ಮೊದಲ ಒಣಭೂಮಿ ವನ್ಯಧಾಮ ಅಂತಾರೆ. ಬಿಸಿಲು, ತೊಗರಿ ಬಿಟ್ಟರೆ ಕಲಬುರಗಿಯಲ್ಲಿ ಏನಿದೆ ಅನ್ನುವವರಿಗೆ ಕೊಂಚಾವರಂ ಕಾಡು, ಚಂದ್ರಂಪಳ್ಳಿ ಕೆರೆ ತೋರಿಸಬೇಕು ನೋಡಿ!

ಸುದ್ದಿ ಬಂದ ದಿನ ನಾವು ನಾಲ್ಕೈದು ಗೆಳೆಯರು ಪೇಡಾ ಡಬ್ಬಿ, ಪಟಾಕಿ ಸರ ಹಿಡಿದು ಟಂಟಂ ಹತ್ತಿದೆವು. ಕಾಡಂಚಿನ ತಾಂಡಾದಲ್ಲಿ ಸರ ಹಚ್ಚಿದ್ದೇ ತಡ, ಆಡುಗಳು ದಿಕ್ಕಾಪಾಲು. ಹಕ್ಕಿಗಳ ಮಾತಂತೂ ಬಿಡಿ. ಒಬ್ಬ ಅಜ್ಜಿ ಪೇಡಾ ಇಸಕೊಂಡಳು, ತಿನ್ನಲಿಲ್ಲ. ಸೆರಗಿನ ತುದಿಗೆ ಕಟ್ಟಿಕೊಂಡು ಕೇಳಿದಳು, "ತಮ್ಮಾ, ನಾಳೆ ಆಡು ಎಲ್ಲಿ ಮೇಯಿಸಲಿ?"

"ಏನೂ ಆಗಲ್ಲ ಯಾಡಿ, ಮೊದಲಿನಂಗೇ" ಅಂದುಬಿಟ್ಟೆ. ಯಾಡಿ ಅಂದರೆ ಲಂಬಾಣಿಯಲ್ಲಿ ಅವ್ವ. ಸುಮ್ನೆ ಅಂದದ್ದು. ನನಗೆ ಕಾನೂನು ಒಂದಕ್ಷರ ಗೊತ್ತಿರಲಿಲ್ಲ.

ಆಮೇಲೆ ಓದಿಕೊಂಡೆ. 1972ರ ವನ್ಯಜೀವಿ ಕಾಯ್ದೆಯಲ್ಲಿ ರಾಷ್ಟ್ರೀಯ ಉದ್ಯಾನ ಬೇರೆ, ಅಭಯಾರಣ್ಯ ಬೇರೆ. ಉದ್ಯಾನದೊಳಗೆ ದನ ಮೇಯಿಸುವಂತಿಲ್ಲ. ಅಭಯಾರಣ್ಯದಲ್ಲಿ ನಿಯಮ ಹಾಕಿ ಬಿಡಬಹುದು, ಜನರ ಕೆಲವು ಹಕ್ಕು ಮುಂದುವರಿಸಲೂ ಅವಕಾಶವಿದೆ. ಆದರೆ ಕೇಳಬೇಕಲ್ವಾ? ಮೊದಲ ಅಧಿಸೂಚನೆ ಆದ ಮೇಲೆ ಕನ್ನಡದಲ್ಲೇ ಪ್ರಕಟಣೆ ಹೊರಡುತ್ತದೆ. ಅಲ್ಲಿಂದ ಎರಡು ತಿಂಗಳೊಳಗೆ, ಯಾರಿಗೆ ಯಾವ ಹಕ್ಕಿದೆ ಅಂತ ಬರೆದು ಕೊಡಬೇಕು. ನೀವು ಈಗ ನಿಂತಿರುವುದು ಸರಿಯಾಗಿ ಆ ಬಾಗಿಲಲ್ಲೇ.

ಹಾಗಾಗಿ ಹಬ್ಬ ಜೋರಾಗಿಯೇ ಮಾಡಿ, ಹತ್ತು ವರ್ಷದ ದಣಿವು ಅದು. ಆದರೆ ವೇದಿಕೆ, ಹಾರ, ತುರಾಯಿ ಬೇಡ, ಅದರಲ್ಲಿ ಭಾಷಣವೇ ಜಾಸ್ತಿ. ಕುರಿಗಾರರ ಮನೆ ಅಂಗಳದಲ್ಲೇ ಕೂಡಿ. ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ ಸಾಕು. ಊಟ ಆದ ಮೇಲೆ ಒಂದು ನೋಟ್‌ಬುಕ್ ತೆಗೆದು ಯಾರ ಕುರಿ ಯಾವ ತಿಂಗಳು ಎಲ್ಲಿ ಮೇಯುತ್ತವೆ, ಯಾವ ಹೊಂಡದ ನೀರು ಕುಡಿಯುತ್ತವೆ, ಎಲ್ಲ ಬರೆದುಕೊಳ್ಳಿ. ಹೆಣ್ಣುಮಕ್ಕಳನ್ನು ಮೊದಲು ಕೇಳಿ. ಕಟ್ಟಿಗೆ ದಾರಿ ಗಂಡಸರಿಗೆ ಗೊತ್ತಿರುವುದಿಲ್ಲ.