ಸ್ಪೇನಿನ ಕಾರ್ತಹೇನಾದಲ್ಲಿ ಹಡಗು ಎಂಟು ಗಂಟೆ ನಿಂತರೆ ಏನು ನೋಡಬಹುದು?

ಬೆಳಿಗ್ಗೆ 8ಕ್ಕೆ ಬಂದು ಸಂಜೆ 4ಕ್ಕೆ ಹೊರಡುವ ಹಡಗು, ಜೊತೆಗೆ ಮಂಡಿನೋವಿನ ಅಪ್ಪ-ಅಮ್ಮ, ಮೂವರೂ ಸಸ್ಯಾಹಾರಿಗಳು. ಹಡಗಿನವರ ಟೂರ್ ತೆಗೆದುಕೊಳ್ಳಬೇಕಾ ಅಂತ ಕೇಳಿದ್ದೀರಿ. ಬೇಡ. ಹಡಗು ಕಟ್ಟುವ ಜಾಗದಿಂದ ಪುರಸಭೆಯ ಕಟ್ಟಡಕ್ಕೆ ಹತ್ತು-ಹದಿನೈದು ನಿಮಿಷದ ನಡಿಗೆ, ಅದೂ ಸಮತಟ್ಟಾದ ದಾರಿ. ನೋಡಬೇಕಾದದ್ದೆಲ್ಲ ಅಲ್ಲಿಂದ ಆಚೀಚೆಯೇ ಇದೆ. ಮೂರ್ಸಿಯಾ ನಗರಕ್ಕೆ ಬಸ್ ಟೂರ್ ಇದ್ದರೆ ಅದನ್ನೂ ಬಿಡಿ. ಹೋಗಲು 50 ಕಿ.ಮೀ., ಬರಲು 50 ಕಿ.ಮೀ., ಅರ್ಧ ದಿನ ಕಿಟಕಿಯಲ್ಲೇ ಕಳೆಯುತ್ತದೆ.

ಮೊದಲು ನೋಡಬೇಕಾದದ್ದು ಕ್ಯಾಲೆಂಡರ್. ಸೋಮವಾರ ರೋಮನ್ ರಂಗಮಂದಿರದ ಮ್ಯೂಸಿಯಂ, ಸಮುದ್ರದಡಿಯ ಪುರಾತತ್ವದ ಮ್ಯೂಸಿಯಂ (ಹೆಸರು ಆರ್ಕ್ವಾ) ಎರಡಕ್ಕೂ ರಜೆ. ಭಾನುವಾರ ರಂಗಮಂದಿರ ಮಧ್ಯಾಹ್ನ 2ಕ್ಕೇ ಮುಚ್ಚುತ್ತದೆ. ಸೋಮವಾರ ಸಿಕ್ಕಿಬಿದ್ದರೆ ಗುಡ್ಡದ ಮೇಲಿನ ತೋರ್‍ರೆಸ್ ಪಾರ್ಕಿನಿಂದ ಇಡೀ ರಂಗಮಂದಿರವನ್ನು ಬಿಟ್ಟಿಯಾಗಿ ಮೇಲಿಂದ ನೋಡಬಹುದು. ಕಾಸು ಕೊಡದೆ ಸಿಗುವ ನೋಟಗಳಲ್ಲಿ ಇದು ನಿಜಕ್ಕೂ ಒಳ್ಳೆಯದು.

ಬೇರೆ ದಿನವಾದರೆ 9ರ ಸುಮಾರಿಗೆ ಇಳಿಯಿರಿ. ಅದಕ್ಕೂ ಮೊದಲು ನೋಡುವ ಜಾಗಗಳು ತೆರೆದಿರುವುದಿಲ್ಲ. ಪುರಸಭೆಯಿಂದ ಶುರುವಾಗುವ ಕಾಯ್ಯೆ ಮಯೋರ್ ಬೀದಿಯಲ್ಲಿ ತಿಂಡಿ ಮುಗಿಸಿ. ಸುಟ್ಟ ಬ್ರೆಡ್ಡಿಗೆ ತುರಿದ ಟೊಮೆಟೊ, ಆಲಿವ್ ಎಣ್ಣೆ, ಉಪ್ಪು ಹಾಕಿದ 'ತೊಸ್ತಾದಾ ಕೊನ್ ತೊಮಾತೆ' ಶುದ್ಧ ಸಸ್ಯಾಹಾರ. ಕಾಫಿಗೆ ಕಂಡೆನ್ಸ್ಡ್ ಮಿಲ್ಕ್ ಹಾಕಿದ 'ಬೊಂಬೊನ್' ಹೇಳಿ, ನಮ್ಮ ನಾಲಿಗೆಗೆ ಸರಿಹೋಗುತ್ತದೆ. 'ಅಸಿಯಾತಿಕೊ' ಅನ್ನುವುದು ಈ ಊರಿನ ಹೆಸರುವಾಸಿ ಕಾಫಿ. ಆದರೆ ಅದರಲ್ಲಿ ಬ್ರಾಂದಿಯೂ ಇದೆ, ಇದೇ ಊರಿನ ಲಿಕೋರ್ 43 ಅನ್ನುವ ಸಿಹಿ ಮದ್ಯ ಕೂಡ ಇದೆ. ಬರೀ ಕಾಫಿ ಅಂದುಕೊಂಡು ಅಪ್ಪನಿಗೆ ಕೊಡಿಸಿಬಿಡಬೇಡಿ.

ಸರಿಯಾಗಿ 10ಕ್ಕೆ ರಂಗಮಂದಿರ. ಗುಂಪುಗಳು ಬರುವ ಮೊದಲೇ ಒಳಗಿರಬೇಕು, ಇಡೀ ದಿನದಲ್ಲಿ ಸಮಯ ಪಾಲಿಸಬೇಕಾದದ್ದು ಇದೊಂದಕ್ಕೆ. ಬಾಗಿಲು ಪುರಸಭೆಯ ಎದುರಿನ ಅರಮನೆಯಲ್ಲಿದೆ. ಮ್ಯಾಪಿನಲ್ಲಿ ರಂಗಮಂದಿರದ ಚುಕ್ಕೆ ಹಿಡಿದು ಹೊರಟರೆ ಗುಡ್ಡದ ಹಿಂಬದಿಯ ಬೇಲಿಗೆ ಹೋಗಿ ನಿಲ್ಲುತ್ತೀರಿ. ಸ್ಪೇನಿನ ವಾಸ್ತುಶಿಲ್ಪಿ ರಫಾಯೆಲ್ ಮೊನೆಯೊ ವಿನ್ಯಾಸ ಮಾಡಿದ ಈ ಮ್ಯೂಸಿಯಂ 2008ರಲ್ಲಿ ತೆರೆಯಿತು. ಎಸ್ಕಲೇಟರ್ ಹತ್ತಿ, ಹಳೆಯ ಚರ್ಚಿನ ಅಡಿಯ ಸುರಂಗದಂಥ ದಾರಿ ದಾಟಿದರೆ ಒಮ್ಮೆಗೇ ಬಯಲು, ಎದುರಿಗೆ ಸುಮಾರು ಆರು ಸಾವಿರ ಜನ ಕೂರುತ್ತಿದ್ದ ಕಲ್ಲಿನ ಮೆಟ್ಟಿಲುಗಳು. ಕ್ರಿ.ಪೂ. 1ನೇ ಶತಮಾನದ ಕೊನೆಗೆ, ರೋಮನ್ ಚಕ್ರವರ್ತಿ ಆಗಸ್ಟಸ್ ಕಾಲದಲ್ಲಿ ಕಟ್ಟಿದ್ದು. ಮೇಲೆ ಮಾರುಕಟ್ಟೆ, ಮನೆ, ಚರ್ಚು ಎದ್ದು ಊರಿಗೇ ಮರೆತುಹೋಗಿತ್ತು. 1988ರಲ್ಲಿ ಹೊಸ ಕಟ್ಟಡಕ್ಕೆಂದು ಅಗೆದಾಗ ಸಿಕ್ಕಿತು. ಲಿಫ್ಟ್ ಇರುವುದರಿಂದ ಮಂಡಿಗೆ ತೊಂದರೆಯಿಲ್ಲ. ಆದರೆ ಪ್ರೇಕ್ಷಕರ ಮೆಟ್ಟಿಲುಗಳು ಕಡಿದಾಗಿವೆ, ಅಪ್ಪ-ಅಮ್ಮ ಕೆಳಗೇ ನಿಂತು ನೋಡಲಿ. ಒಂದೂಕಾಲು ಗಂಟೆ ಸಾಕು.

ಅಲ್ಲಿಂದ ಕೊನ್ಸೆಪ್ಸಿಯೊನ್ ಕೋಟೆಗೆ ನಡೆದು ಹತ್ತಿಸಬೇಡಿ. ಗಿಸ್ಬೆರ್ತ್ ಬೀದಿಯಲ್ಲಿ 45 ಮೀಟರ್ ಎತ್ತರದ ಲಿಫ್ಟ್ ಇದೆ, ಟಿಕೆಟ್ ಉಂಟು. ಲಿಫ್ಟಿನಿಂದ ಮೇಲೆ ಇಳಿದ ನಂತರವೂ ಸ್ವಲ್ಪ ಏರು ಇದೆ, ನಿಧಾನಕ್ಕೆ ನಡೆಯಬಹುದು. ಬಂದರು ಯಾಕೆ ಇಲ್ಲೇ ಆಯಿತು ಅನ್ನುವುದು ಆ ಎತ್ತರದಿಂದ ತಾನಾಗಿ ಅರ್ಥವಾಗುತ್ತದೆ: ಸುತ್ತ ಗುಡ್ಡ, ಒಳಬರಲು ಕಿರಿದಾದ ಬಾಯಿ. ಉತ್ತರ ಆಫ್ರಿಕಾದ ಕಾರ್ಥೇಜಿನವರು ಇದನ್ನು ನೆಲೆ ಮಾಡಿಕೊಂಡದ್ದೂ, ಕ್ರಿ.ಪೂ. 209ರಲ್ಲಿ ರೋಮನ್ ಸೇನಾಪತಿ ಸಿಪಿಯೊ ಇದನ್ನೇ ಹುಡುಕಿಕೊಂಡು ಬಂದದ್ದೂ ಸುಮ್ಮನಲ್ಲ. ಪಾರ್ಕಿನಲ್ಲಿ ನವಿಲುಗಳು ಓಡಾಡಿಕೊಂಡಿರುತ್ತವೆ. ಲಿಫ್ಟಿನ ಬುಡದಲ್ಲೇ ಅಂತರ್ಯುದ್ಧ ಕಾಲದ ಬಾಂಬ್ ಆಶ್ರಯತಾಣ; ಆಸಕ್ತಿಯಿದ್ದರೆ ಅರ್ಧ ಗಂಟೆ ಕೊಡಿ.

ಇನ್ನು ಊಟ. ಅಡುಗೆಮನೆಗಳು 1ಕ್ಕೆ ಮೊದಲು ಶುರುವಾಗುವುದಿಲ್ಲ. ಬರೀ 'ಸಿನ್ ಕಾರ್ನೆ' ಅಂದರೆ ಮಾಂಸ ಬೇಡ ಅಂತಷ್ಟೇ, ಹಂದಿಯ ಹಾಮೊನ್ ಚೂರೂ ಟ್ಯೂನಾ ಮೀನೂ ತಟ್ಟೆಗೆ ಬರಬಹುದು. 'ಸಿನ್ ಕಾರ್ನೆ, ಸಿನ್ ಹಾಮೊನ್, ಸಿನ್ ಪೆಸ್ಕಾದೊ, ಸಿನ್ ಅತೂನ್' ಅಂತ ನಾಲ್ಕನ್ನೂ ಬರೆದು ತೋರಿಸಿ. ಹೆಸರು ನೋಡಿ ಮೋಸ ಹೋಗುವ ತಿನಿಸುಗಳೂ ಇವೆ. 'ಸಾಂದ್ವಿಚ್ ವೆಹೆತಾಲ್' ಒಳಗೆ ಮೊಟ್ಟೆ, ಹಲವು ಕಡೆ ಟ್ಯೂನಾ. ಅವರೆಕಾಳಿನ ಸಾರಿನಂತೆ ಕಾಣುವ 'ಮಿಚಿರೋನೆಸ್'ನಲ್ಲಿ ಚೊರಿಸೊ (ಹಂದಿಮಾಂಸದ ಸಾಸೇಜ್) ಮತ್ತು ಮೂಳೆ. 'ಕಲ್ದೆರೊ' ಅನ್ನ ಬೇಯುವುದೇ ಮೀನಿನ ರಸದಲ್ಲಿ. ನಂಬಬಹುದಾದವು ಹುರಿದ ಪದ್ರೊನ್ ಮೆಣಸಿನಕಾಯಿ, ಆಲೂಗಡ್ಡೆಯ 'ಪತಾತಾಸ್ ಬ್ರಾವಾಸ್', ಮೊಟ್ಟೆ ತಿನ್ನುವವರಾದರೆ ತೊರ್ತಿಯಾ (ಆಲೂಗಡ್ಡೆ ಹಾಕಿದ ಆಮ್ಲೆಟ್). ಮಧ್ಯಾಹ್ನ 2ರಿಂದ 5ರವರೆಗೆ ಸಣ್ಣ ಅಂಗಡಿಗಳು ಮುಚ್ಚಿರುತ್ತವೆ, ಏನಾದರೂ ಕೊಳ್ಳುವುದಿದ್ದರೆ ಊಟಕ್ಕೆ ಮೊದಲೇ ಮುಗಿಸಿ.

ಆರ್ಕ್ವಾ ಕೊನೆಗಿಡಿ, ಹಡಗಿನ ಪಕ್ಕದಲ್ಲೇ ಇದೆ. 1804ರಲ್ಲಿ ಮುಳುಗಿದ ಸ್ಪೇನಿನ 'ಮೆರ್ಸೆದೆಸ್' ನೌಕೆಯ ಬೆಳ್ಳಿ ನಾಣ್ಯಗಳನ್ನು ಅಮೆರಿಕದ ಕಂಪನಿಯೊಂದು 2007ರಲ್ಲಿ ಮೇಲೆತ್ತಿತ್ತು. ಸ್ಪೇನ್ ಕೋರ್ಟಿನಲ್ಲಿ ಗೆದ್ದು 2012ರಲ್ಲಿ ವಾಪಸ್ ತಂದಿತು. ಅವುಗಳಲ್ಲಿ ಕೆಲವನ್ನು ಇಲ್ಲಿ ನೋಡಬಹುದು. ಯಂತ್ರಗಳ ಹುಚ್ಚಿದ್ದರೆ ಇದಕ್ಕೆ ಬದಲು ನೌಕಾ ಮ್ಯೂಸಿಯಂಗೆ ಹೋಗಿ: ಈ ಊರಿನವನೇ ಆದ ಇಸಾಕ್ ಪೆರಾಲ್ 1888ರಲ್ಲಿ ನೀರಿಗಿಳಿಸಿದ, ಬ್ಯಾಟರಿಯಿಂದ ಓಡುತ್ತಿದ್ದ ಜಲಾಂತರ್ಗಾಮಿ ಅಲ್ಲಿದೆ.

ವೀಸಾ: ಇದೇ ಯಾನದಲ್ಲಿ ಮೊರಾಕ್ಕೊ ಇದ್ದು ಮತ್ತೆ ಸ್ಪೇನಿಗೆ ಬರುವುದಿದ್ದರೆ, ಭಾರತದ ಪಾಸ್‌ಪೋರ್ಟಿಗೆ ಮಲ್ಟಿಪಲ್ ಎಂಟ್ರಿ ಶೆಂಗೆನ್ ವೀಸಾ (ಯುರೋಪಿನ ಹಲವು ದೇಶಗಳಿಗೆ ಒಂದೇ ವೀಸಾ, ಹಲವು ಸಲ ಒಳಬರಲು ಆಗುವಂಥದ್ದು) ಬೇಕು. ಹಾಗೆಯೇ ಮೊಬೈಲ್ ತೋರಿಸುವುದು ದಡದ ಸಮಯ, ಹಡಗಿನದು ಬೇರೆ ಇರಬಹುದು. ಇಳಿಯುವ ಬಾಗಿಲಲ್ಲಿ ಬರೆದಿರುವ ಹತ್ತುವ ಸಮಯದ ಫೋಟೊ ತೆಗೆದುಕೊಳ್ಳಿ. 4ಕ್ಕೆ ಹೊರಡುವ ಹಡಗಿಗೆ ಅದು ಸಾಮಾನ್ಯವಾಗಿ 3.30 ಇರುತ್ತದೆ.