ಏಳನೇ ತರಗತಿ ಮಗಳ ಹೋಂವರ್ಕ್: ಸಂಧಿ, ಭಿನ್ನರಾಶಿ, ಪಿಷ್ಟ, ಜಿಲ್ಲೆಯ ಮಳೆ. ಹೇಗೆ ಹೇಳಿಕೊಡಲಿ?

ಚಿತ್ರದುರ್ಗದಿಂದ ನೀವು ಕೇಳಿರುವುದು ನಾಲ್ಕು ಪ್ರಶ್ನೆ: ‘ಊರೂರು’ ಯಾವ ಸಂಧಿ, 3/4 + 2/5 ಎಷ್ಟು, ಎಲೆಯಲ್ಲಿ ಪಿಷ್ಟ ಇದೆ ಎಂದು ತೋರಿಸುವುದು ಹೇಗೆ, ನಮ್ಮ ಜಿಲ್ಲೆಗೆ ಮಳೆ ಯಾಕೆ ಕಡಿಮೆ. ಬರೀ ಉತ್ತರ ಬರೆಸಿದರೆ ನಾಳೆ ಪ್ರಶ್ನೆ ಒಂಚೂರು ತಿರುಗಿದರೂ ಮಗು ತಡವರಿಸುತ್ತದೆ. ಆದ್ದರಿಂದ ಉತ್ತರ ಸರಿಯೋ ತಪ್ಪೋ ಎಂದು ಅವಳೇ ತಾಳೆ ನೋಡುವ ದಾರಿಯನ್ನೂ ಹೇಳುತ್ತೇನೆ.

ಊರು + ಊರು = ಊರೂರು, ಲೋಪಸಂಧಿ. ನಡುವೆ ದೀರ್ಘ ಕೇಳಿಸುತ್ತದೆಂದು ಎಷ್ಟೋ ಮಕ್ಕಳು ಸವರ್ಣದೀರ್ಘ ಅಂತ ಬರೆದುಬಿಡುತ್ತಾರೆ. ಎರಡನೇ ಪದ ಬದಲಿಸಿ ನೋಡಲು ಹೇಳಿ: ಊರು + ಅಲ್ಲಿ = ಊರಲ್ಲಿ. ಇಲ್ಲೂ ಮೊದಲ ಪದದ ಉಕಾರ ಬಿದ್ದುಹೋಯಿತು. ಅಂದಮೇಲೆ ಊರೂರಿನ ದೀರ್ಘ ಎರಡನೇ ಊರಿನದೇ, ಹೊಸದಾಗಿ ಹುಟ್ಟಿದ್ದಲ್ಲ. ಗುರು + ಉಪದೇಶ = ಗುರೂಪದೇಶದಲ್ಲಿ ಎರಡು ಹ್ರಸ್ವ ಕೂಡಿ ದೀರ್ಘ ಬಂತು, ಪದಗಳೂ ಸಂಸ್ಕೃತದವು; ಸವರ್ಣದೀರ್ಘ ಅಂದರೆ ಅದು. ಕನ್ನಡ ಸಂಧಿಗೆ ಮೂರೇ ಪ್ರಶ್ನೆ ಸಾಕು: ಅಕ್ಷರ ಬಿತ್ತೇ, ಹೊಸದಾಗಿ ಬಂತೇ, ಬದಲಾಯಿತೇ? ಊರಲ್ಲಿ ಲೋಪ, ಮಳೆಯಲ್ಲಿ (ಮಳೆ + ಅಲ್ಲಿ) ಆಗಮ, ಮಳೆಗಾಲ (ಮಳೆ + ಕಾಲ) ಆದೇಶ.

ಭಿನ್ನರಾಶಿಯಲ್ಲಿ ಮೇಲಿನದಕ್ಕೆ ಮೇಲಿನದು, ಕೆಳಗಿನದಕ್ಕೆ ಕೆಳಗಿನದು ಕೂಡಿ 5/9 ಬರೆದಿದ್ದಾಳಾ? ಮುಕ್ಕಾಲಿಗೆ ಇನ್ನಷ್ಟು ಸೇರಿಸಿದ ಮೇಲೆ ಅರ್ಧಕ್ಕಿಂತ ಚೂರೇ ಹೆಚ್ಚು ಬರಲು ಸಾಧ್ಯವೇ ಎಂದು ಕೇಳಿ. 4 ಮತ್ತು 5ರ ಲಸಾಅ (ಲಘುತಮ ಸಾಮಾನ್ಯ ಅಪವರ್ತ್ಯ) 20. 15/20 + 8/20 = 23/20, ಅಂದರೆ 1 ಪೂರ್ಣ 3/20.

ಪಿಷ್ಟ ಪರೀಕ್ಷೆ ಹೆಚ್ಚಾಗಿ ಕೆಡುವುದು ಮೊದಲ ಹಂತ ಬಿಟ್ಟಾಗ. ಕುಂಡದ ಗಿಡವನ್ನು 2–3 ದಿನ ಕತ್ತಲಲ್ಲಿಡಬೇಕು, ಆಗ ಎಲೆಯಲ್ಲಿ ಮೊದಲೇ ಇದ್ದ ಪಿಷ್ಟ ಖಾಲಿಯಾಗುತ್ತದೆ. ಪಿಷ್ಟ ಇದ್ದಲ್ಲಿ ಅಯೋಡಿನ್ ಕಡುನೀಲಿಯಾಗುತ್ತದೆ; ಈ ಹಂತ ಬಿಟ್ಟರೆ ಬೆಳಕು ತಾಗದಂತೆ ಕಪ್ಪು ಕಾಗದ ಮುಚ್ಚಿದ ಭಾಗವೂ ನೀಲಿಯಾಗಿ, ಬೆಳಕಿಲ್ಲದೆಯೂ ಪಿಷ್ಟ ಆಗುತ್ತದೆಂಬ ತಪ್ಪು ತೀರ್ಮಾನ ಬರುತ್ತದೆ. ಒಂದು ಎಲೆಯ ಸ್ವಲ್ಪ ಭಾಗಕ್ಕೆ ಎರಡೂ ಬದಿ ಕಪ್ಪು ಕಾಗದ ಹಾಕಿ 4–6 ಗಂಟೆ ಬಿಸಿಲಿಗಿಡಿ. ಎಲೆ ಕಿತ್ತು ಕುದಿಯುವ ನೀರಲ್ಲಿ 2 ನಿಮಿಷ ಅದ್ದಿ, ಆಮೇಲೆ ಸ್ಪಿರಿಟ್‌ನಲ್ಲಿ ಹಸಿರು ಬಿಡುವ ತನಕ ಬಿಸಿಮಾಡಬೇಕು. ಸ್ಪಿರಿಟ್ ಬೇಗ ಹೊತ್ತಿಕೊಳ್ಳುತ್ತದೆ. ಅದರ ಪ್ರನಾಳವನ್ನು ಬಿಸಿನೀರಿನ ಪಾತ್ರೆಯಲ್ಲಿಡಬೇಕೇ ಹೊರತು ಉರಿಗೆ ಹಿಡಿಯಬಾರದು. ಈ ಹಂತವನ್ನು ದಯವಿಟ್ಟು ಮನೆಯಲ್ಲಿ ಮಾಡಿಸಬೇಡಿ, ಶಾಲೆಯಲ್ಲಿ ಮೇಷ್ಟ್ರ ಮುಂದೆಯೇ ಆಗಲಿ. ಗರಿಗರಿಯಾದ ಎಲೆಯನ್ನು ಬಿಸಿನೀರಲ್ಲಿ ತೊಳೆದು ಮೆತ್ತಗಾದ ಮೇಲೆ ಅಯೋಡಿನ್ ಹನಿಸಿದರೆ, ಬಿಸಿಲು ಬಿದ್ದ ಕಡೆ ಕಡುನೀಲಿ, ಮುಚ್ಚಿದ ಕಡೆ ಅಯೋಡಿನ್‌ನ ಕಂದು ಬಣ್ಣವೇ ಉಳಿಯುತ್ತದೆ. ಮನೆಯಲ್ಲಿ ತೋರಿಸಲು ತಣ್ಣಗಾದ ಅನ್ನದ ಮೇಲೆ ಒಂದು ಹನಿ ಅಯೋಡಿನ್ ಸಾಕು.

ಮಳೆ ಕಡಿಮೆ ಇರುವುದಕ್ಕೆ ‘ಕಾಡು ಕಡಿದಿದ್ದಾರೆ’ ಎಂಬುದು ಮೂಲ ಕಾರಣ ಅಲ್ಲ. ಅರಬ್ಬೀ ಸಮುದ್ರದಿಂದ ಬರುವ ನೈಋತ್ಯ ಮಾರುತ ಪಶ್ಚಿಮಘಟ್ಟ ಹತ್ತುವಾಗ ತಣಿದು ಬಹುಪಾಲು ಮಳೆ ಅಲ್ಲೇ ಸುರಿಸುತ್ತದೆ. ಪೂರ್ವಕ್ಕೆ ಇಳಿಯುವಾಗ ಗಾಳಿ ಬಿಸಿಯಾಗಿ ಒಣಗುತ್ತದೆ. ಹಿರಿಯೂರು, ಚಳ್ಳಕೆರೆ ಇರುವುದು ಆ ಮಳೆನೆರಳಿನಲ್ಲಿ. ಹಾಗಾದರೆ ಹಿರಿಯೂರಿನ ಹತ್ತಿರದ ಮಾರಿಕಣಿವೆ ಅಣೆಕಟ್ಟಿಗೆ (ವಾಣಿವಿಲಾಸ ಸಾಗರಕ್ಕೆ) ನೀರು ಎಲ್ಲಿಂದ ಅಂತ ಅವಳನ್ನೇ ಕೇಳಿ. ಅದನ್ನು ತುಂಬುವ ವೇದಾವತಿ ನದಿಯ ಮೂಲ ಚಿಕ್ಕಮಗಳೂರಿನ ಗಿರಿಸಾಲು, ಆ ನೀರು ಮೇಲಿನ ಸೀಮೆಯದು. 1907ರಲ್ಲಿ ಮುಗಿದ ಈ ವಾಣಿವಿಲಾಸ ಸಾಗರ 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ಇದನ್ನು ಉತ್ತರದಲ್ಲಿ ಬರೆಸಿ, ಊರಿನ ಉದಾಹರಣೆ ಎಂದೂ ಮರೆಯುವುದಿಲ್ಲ.

ಜಿಲ್ಲೆಯ ಮಾಹಿತಿಗೆ ಹಳೇ ಪುಸ್ತಕ ನೋಡುತ್ತಿದ್ದರೆ ಮುದ್ರಣದ ವರ್ಷ ಗಮನಿಸಿ. ದಾವಣಗೆರೆ ಬೇರೆ ಜಿಲ್ಲೆಯಾದದ್ದು 1997ರಲ್ಲಿ. ಹರಿಹರ, ಜಗಳೂರು ಅತ್ತ ಹೋದವು. ಹರಿಹರೇಶ್ವರ ದೇವಸ್ಥಾನವನ್ನು ಚಿತ್ರದುರ್ಗ ಜಿಲ್ಲೆಯ ಪಟ್ಟಿಗೆ ಸೇರಿಸಿದ್ದರೆ ತೆಗೆಸಿ.