ಗಾಯ ಚಿಕ್ಕದಾ ದೊಡ್ಡದಾ ಅಂತ ನಾವು ಏಳು ತಿಂಗಳು ಕಳೆದೆವು

ನಿಮ್ಮ ತಂದೆಗೆ 70 ವರ್ಷ, ಹೃದಯದಿಂದ ಮೈಗೆಲ್ಲ ರಕ್ತ ಹೋಗುವ ಬಾಗಿಲಾದ ಅಯೋರ್ಟಿಕ್ ವಾಲ್ವ್ ಗಟ್ಟಿಯಾಗಿದೆ, ಆದರೆ ತೊಂದರೆ ಏನೂ ಇಲ್ಲ, ಎದೆ ಸೀಳಿಸುವುದಾ ಅಥವಾ ಚಿಕ್ಕ ಗಾಯದಲ್ಲಿ ಹೊಲಿಗೆ ಇಲ್ಲದ ವಾಲ್ವ್ ಕೂರಿಸುವುದಾ ಅಂತ ಕೇಳಿದ್ದೀರಿ. ‘ತೊಂದರೆ ಏನೂ ಇಲ್ಲ’ ಅನ್ನುವ ಮಾತು ಓದಿ ನನ್ನ ಎದೆ ಧಸಕ್ಕೆಂದಿತು.

ನಮ್ಮದು ಉಡುಪಿ ಕಡೆಯ ಶಂಕರಪುರದ ಹತ್ತಿರ. ಅಮ್ಮನಿಗೆ ಮಲ್ಲಿಗೆಯೇ ಬದುಕು. ಬೆಳಕು ಹರಿಯುವ ಮೊದಲು ಮೊಗ್ಗು ಕೊಯ್ದು, ಬಾಳೆನಾರಿನಲ್ಲಿ ಕಟ್ಟಿ ಕೊಡುತ್ತಿದ್ದರು. ಅವರಿಗೆ 71 ಆದಾಗ ಎಕೋ, ಅಂದರೆ ಹೃದಯದ ಸ್ಕ್ಯಾನ್, ಮಾಡಿಸಿದೆವು. ವಾಲ್ವ್‌ನ ಬಾಯಿ 0.7 ಚದರ ಸೆಂಟಿಮೀಟರ್ ಅಂತ ಬಂತು. ಸಾಮಾನ್ಯವಾಗಿ 3ರಿಂದ 4 ಇರುತ್ತದೆ, 1ಕ್ಕಿಂತ ಕಡಿಮೆಯಾದರೆ ತೀವ್ರ ಅಂತ ಲೆಕ್ಕ. ಹೃದಯದ ಪಂಪಿಂಗ್, ಅಂದರೆ ಒಂದೊಂದು ಬಡಿತಕ್ಕೆ ಹೊರಗೆ ತಳ್ಳುವ ರಕ್ತದ ಪಾಲು, ಮಾತ್ರ ನೂರಕ್ಕೆ 60 ಇತ್ತು, ಚೆನ್ನಾಗಿತ್ತು. ದಮ್ಮು ಬರುತ್ತದಾ, ಎದೆ ಹಿಡಿಯುತ್ತದಾ, ತಲೆ ಸುತ್ತುತ್ತದಾ ಅಂತ ಡಾಕ್ಟ್ರು ಕೇಳಿದರು. ಅಮ್ಮ ‘ದಾಲ ಇಜ್ಜಿ’ ಅಂದರು. ತುಳುವಿನಲ್ಲಿ ಏನೂ ಇಲ್ಲ ಅಂತ. ಪಕ್ಕದಲ್ಲಿ ಕೂತ ನಾನೂ ಹೌದು ಅಂದೆ.

ಅದೇ ನನ್ನ ತಪ್ಪು. ಸ್ವಲ್ಪ ಬಿಡಿಸಿ ಹೇಳುತ್ತೇನೆ. ಮೊದಲೆಲ್ಲ ಬೇಸಿಗೆಯಲ್ಲಿ ಅಮ್ಮ ದಿನಕ್ಕೆ ನಾಲ್ಕು ಚೆಂಡು ಕಟ್ಟುತ್ತಿದ್ದರು. ಒಂದು ಚೆಂಡು ಅಂದರೆ 800 ಹೂವು. ಅದು ಎರಡಕ್ಕೆ ಇಳಿದಿತ್ತು. ಈ ಸಲ ಹೂವು ಕಡಿಮೆ ಅಂದರು, ನಂಬಿದೆ. ಹಿಂದಿನ ಸಾಲಿನ ಗಿಡಗಳಿಗೆ ಮೂರು ಮೆಟ್ಟಿಲು ಹತ್ತಬೇಕು, ಅದನ್ನು ಪಕ್ಕದ ಮನೆಯ ಹುಡುಗಿಗೆ ಬಿಟ್ಟುಕೊಟ್ಟಿದ್ದರು. ಭಜನೆಗೆ ಹೋಗುವುದು ನಿಂತಿತ್ತು, ಮಂಡಿ ನೋವು ಅಂದರು. ಮಹಡಿಯಿಂದ ಹಾಸಿಗೆ ಕೆಳಗೆ ಬಂದಿತ್ತು, ಸೆಕೆ ಅಂದರು. ಒಂದೊಂದಕ್ಕೂ ಒಂದೊಂದು ಕಾರಣ ಇತ್ತು. ಎಲ್ಲವನ್ನೂ ನಾನು ಒಟ್ಟಿಗೆ ಇಟ್ಟು ನೋಡಲೇ ಇಲ್ಲ. ಅಮ್ಮನಿಗೆ ದಮ್ಮು ಬರುತ್ತಿರಲಿಲ್ಲ ನಿಜ. ದಮ್ಮು ಬರುವ ಕೆಲಸವನ್ನೇ ಅವರು ಬಿಟ್ಟಿದ್ದರು. ಡಾಕ್ಟ್ರಿಗೆ ಇದು ಗೊತ್ತಾಗುವುದು ಹೇಗೆ? ಮನೆಯಲ್ಲಿದ್ದ ನಾನು ಹೇಳಬೇಕಿತ್ತು.

ಅದರ ಬದಲು ಏಳು ತಿಂಗಳು ನೀವು ಕೇಳಿದ್ದನ್ನೇ ಕೇಳುತ್ತಾ ತಿರುಗಿದೆ. ಮಣಿಪಾಲ, ಮಂಗಳೂರು, ಬೆಂಗಳೂರಿನ ಭಾವನಿಗೆ ಫೋನು. ಎಲ್ಲಿ ಎಷ್ಟು ಇಂಚು ಕೊಯ್ಯುತ್ತಾರೆ ಅನ್ನುವುದೇ ಚರ್ಚೆ. ಜೂನ್‌ನಲ್ಲಿ ಮೊದಲ ಮಳೆ ಬಿದ್ದ ದಿನ ಅಮ್ಮ ಒಣಗಿದ ಬಟ್ಟೆ ತೆಗೆಯಲು ಅಂಗಳಕ್ಕೆ ಓಡಿದರು. ತಿಂಗಳುಗಟ್ಟಲೆ ಓಡದವರು. ನಾನು ಹೊರಗೆ ಬರುವಾಗ ಒದ್ದೆ ಸೀರೆ ಕೈಯಲ್ಲಿ ಹಿಡಿದುಕೊಂಡೇ ಬಿದ್ದಿದ್ದರು. ಶ್ವಾಸಕೋಶದಲ್ಲಿ ನೀರು, ಒಂಬತ್ತು ದಿನ ಐಸಿಯು. ಪಂಪಿಂಗ್ 35ಕ್ಕೆ ಇಳಿದಿತ್ತು.

ಆಮೇಲೆ ಆದದ್ದು ನಾವು ಅಷ್ಟು ದಿನ ಚರ್ಚೆ ಮಾಡಿದ ಆಪರೇಷನ್ನೇ. ಬಲಗಡೆ ಪಕ್ಕೆಲುಬುಗಳ ನಡುವೆ ಸುಮಾರು ಆರು ಸೆಂಟಿಮೀಟರ್ ಗಾಯ. ಹೃದಯ ನಿಲ್ಲಿಸಿ, ಯಂತ್ರದಲ್ಲಿ ರಕ್ತ ಓಡಿಸಿ, ಸುಣ್ಣಗಟ್ಟಿದ ಹಳೆ ವಾಲ್ವ್ ಕತ್ತರಿಸಿ ತೆಗೆದರು. ಮಾಮೂಲಿ ವಾಲ್ವ್ ಆದರೆ ಸುತ್ತ ಹನ್ನೆರಡು ಹದಿನೈದು ಹೊಲಿಗೆ ಬೇಕು. ಹೊಲಿಗೆ ಇಲ್ಲದ ಈ ವಾಲ್ವನ್ನು ಮಡಿಸಿ ಒಳಗಿಟ್ಟು ಬಿಟ್ಟರೆ ನಿಟಿನಾಲ್ ಲೋಹದ ಚೌಕಟ್ಟು ತಾನೇ ಅರಳಿ ಕೂರುತ್ತದೆ. ಹೃದಯ ನಿಲ್ಲಿಸಿಡುವ ಹೊತ್ತು ಕಡಿಮೆಯಾಗುತ್ತದೆ. ಸೋತ ಹೃದಯಕ್ಕೆ ಅದೇ ದೊಡ್ಡ ಲಾಭ, ಚರ್ಮದ ಮೇಲಿನ ಗೀಟು ಅಲ್ಲ. ಹಾಗಂತ ತೊಂದರೆ ಇಲ್ಲವೆಂದಲ್ಲ. ಮಾಮೂಲಿ ವಾಲ್ವ್‌ಗಿಂತ ಇದರಲ್ಲಿ ಪೇಸ್‌ಮೇಕರ್ (ಹೃದಯದ ಬಡಿತ ಸರಿಯಾಗಿಡುವ ಯಂತ್ರ) ಬೇಕಾಗುವ ಸಾಧ್ಯತೆ ಸ್ವಲ್ಪ ಜಾಸ್ತಿ. ನಮಗೆ ಬೇಕಾಗಲಿಲ್ಲ.

ವಾಲ್ವ್‌ನ ಎಸಳು ದನದ ಹೃದಯದ ಪೊರೆಯದ್ದು. ಅದನ್ನು ಅಮ್ಮನಿಂದ ಮುಚ್ಚಿಡಲಿಲ್ಲ. ಒಂದು ದಿನ ಮಾತಾಡಲಿಲ್ಲ ಅವರು. ಮರುದಿನ ‘ಆಗಲಿ’ ಅಂದರು. ಲೋಹದ ವಾಲ್ವ್ ಹಾಕಿದರೆ ರಕ್ತ ತೆಳುವಾಗಿಸುವ ಮಾತ್ರೆ ಜೀವನಪೂರ್ತಿ ಬೇಕು. ಆ ವಯಸ್ಸಿನಲ್ಲಿ ಅದು ಬೇಡ ಅನಿಸಿತು.

ಈಗ ಪಂಪಿಂಗ್ 45. 60 ಆಗಲಿಲ್ಲ. ಆ ಹದಿನೈದು ನನ್ನ ಏಳು ತಿಂಗಳು.

ಹಾಗಾಗಿ ನಿಮ್ಮ ಪ್ರಶ್ನೆಯೇ ಸರಿಯಿಲ್ಲ ಅನ್ನುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಯಾವ ಗಾಯ, ಯಾವ ವಾಲ್ವ್ ಅನ್ನುವುದನ್ನು ಸಿಟಿ ಸ್ಕ್ಯಾನ್ ನೋಡಿ ಸರ್ಜನ್ ಹೇಳಲಿ. ಎದೆ ಕೊಯ್ಯದೆ ಕಾಲಿನ ರಕ್ತನಾಳದಿಂದ ವಾಲ್ವ್ ಕೂರಿಸುವ ಟಾವಿ ಆಗುತ್ತದಾ ಅಂತಲೂ ಅವರನ್ನೇ ಕೇಳಿ. ನಿಮ್ಮ ಕೆಲಸ ಬೇರೆ. ಹೋದ ವರ್ಷ ಮಾಡುತ್ತಿದ್ದ ಯಾವ ಯಾವ ಕೆಲಸ ಈಗ ತಂದೆ ಮಾಡುತ್ತಿಲ್ಲ ಅಂತ ಒಂದು ಚೀಟಿಯಲ್ಲಿ ಬರೆಯಿರಿ. ಅವರನ್ನು ಕೇಳಬೇಡಿ, ತಾಯಿಯನ್ನು ಕೇಳಿ. ಆ ಚೀಟಿ ಹಿಡಿದುಕೊಂಡು ಈ ವಾರವೇ ಡಾಕ್ಟ್ರ ಹತ್ತಿರ ಹೋಗಿ. ಹೋಗುವಾಗ ತಂದೆಯ ಹಲ್ಲನ್ನೂ ಒಮ್ಮೆ ತೋರಿಸಿ. ಹುಳುಕಿನ ಸೋಂಕು ಹೊಸ ವಾಲ್ವ್‌ಗೆ ಹೋಗಬಹುದು, ಆಪರೇಷನ್‌ಗೆ ಮೊದಲೇ ಸರಿ ಮಾಡಿಸಬೇಕು. ನಮಗೆ ಅದಕ್ಕೂ ಸಮಯ ಸಿಗಲಿಲ್ಲ.